ಬೆವರುವ ಬೆಲ್ಲ, ಬೂಸ್ಟು ಹಿಡಿಯುವ ಫಿಲ್ಮು

ಆಷಾಢದ ಗಾಳಿ ಬೀಸತೊಡಗಿದರೆ ಸಾಕು, ಪಾಲಹಳ್ಳಿಯ ಮನೆಗಳಲ್ಲಿ ಬೆಲ್ಲ ಬೆವರಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಿದ್ದ ಅಚ್ಚು ಮೆತ್ತಗಾಗಿ ಡಬ್ಬದ ತಳದಲ್ಲಿ ಕಂದು ನೀರು ನಿಲ್ಲುತ್ತದೆ. ಭರಣಿಯ ಉಪ್ಪು ಹೆಪ್ಪುಗಟ್ಟುತ್ತದೆ, ಹಪ್ಪಳ ಬಾಗುತ್ತದೆ, ಬೆಂಕಿಕಡ್ಡಿ ಎಷ್ಟು ಗೀರಿದರೂ ಹತ್ತುವುದಿಲ್ಲ. ಮನೆಯ ಹಿರಿಯ ಹೆಂಗಸರಿಗೆ ಇದೇನೂ ಹೊಸತಲ್ಲ. ಬೆಲ್ಲದ ಡಬ್ಬ ಒಲೆಯ ಮೇಲಿನ ಅಟ್ಟಕ್ಕೆ ಏರುತ್ತದೆ, ಉಪ್ಪಿನೊಳಗೆ ನಾಲ್ಕು ಹುರಿದ ಅಕ್ಕಿಕಾಳು ಬೀಳುತ್ತವೆ.

ಅದೇ ಮನೆಯ ಇನ್ನೊಂದು ಮೂಲೆಯಲ್ಲಿ, ಮಂಚದ ಕೆಳಗಿನ ಟ್ರಂಕಿನಲ್ಲಿ, ಅದೇ ಹೊತ್ತಿಗೆ ಇನ್ನೊಂದು ವಸ್ತುವೂ ಬೆವರುತ್ತಿರುತ್ತದೆ. ಅದರ ಕಡೆ ಯಾರೂ ನೋಡುವುದಿಲ್ಲ. ಅದು ಅಪ್ಪ ಅಮ್ಮನ ಮದುವೆಯ ಫೋಟೋ ನೆಗೆಟಿವ್. ಸ್ಟುಡಿಯೋದವರು ಕೊಟ್ಟ ಕಂದು ಲಕೋಟೆಯಲ್ಲಿ, ಜಮೀನಿನ ಪತ್ರ, ಹಳೆ ಜಾತಕ, ನುಸಿಗುಳಿಗೆಗಳ ನಡುವೆ ಅದು ಮೂವತ್ತು ನಲವತ್ತು ಮಳೆಗಾಲ ಕಳೆದಿರುತ್ತದೆ.

ಪಾಲಹಳ್ಳಿಗೂ ಸಕ್ಕರೆಗೂ ಇರುವ ನಂಟು ಹಳೆಯದು. 1847ರಲ್ಲಿ ಇಲ್ಲಿ ಆರಂಭವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ, ರೈತರ ಬೆಲ್ಲವನ್ನು ಕೊಂಡು ಶುದ್ಧಮಾಡಿ ಸಕ್ಕರೆ ಹರಳು ತೆಗೆಯುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆ ಸಕ್ಕರೆಗೆ ಬಹುಮಾನವೂ ಬಂತು. ಒಂದು ಕಡೆ ಕಾವೇರಿ, ಸುತ್ತ ನಾಲೆ, ಗದ್ದೆ, ಕಬ್ಬು. ಮಂಗಳೂರಿನಷ್ಟಲ್ಲದಿದ್ದರೂ ಮಳೆಗಾಲದಲ್ಲಿ ಇಲ್ಲಿನ ಗಾಳಿ ಚೆನ್ನಾಗಿಯೇ ನೀರು ಕುಡಿದಿರುತ್ತದೆ. ಚೈತ್ರ ವೈಶಾಖದಲ್ಲಿ ಬಿಸಿಲು 35 ಡಿಗ್ರಿ ಮುಟ್ಟುತ್ತದೆ. ಬೆಲ್ಲಕ್ಕೆ ತೇವ ಒಂದೇ ಶತ್ರು. ಫಿಲ್ಮಿಗೆ ತೇವ, ಶಾಖ ಎರಡೂ ಶತ್ರುಗಳು. ಎರಡೂ ಸೇರಿದರೆ ಕೇಳುವುದೇ ಬೇಡ.

ಮೂಳೆಯ ಅಂಟು, ಬೆಳ್ಳಿಯ ಹರಳು

ಫಿಲ್ಮ್ ಎಂದರೆ ಬರಿಯ ಪ್ಲಾಸ್ಟಿಕ್ ಪಟ್ಟಿಯಲ್ಲ. ಪಟ್ಟಿಯ ಮೇಲೆ ಕೂದಲೆಳೆಗಿಂತಲೂ ತೆಳುವಾಗಿ ಜೆಲಟಿನ್ ಬಳಿದಿರುತ್ತಾರೆ. ದನದ ಮೂಳೆ, ಚರ್ಮಗಳನ್ನು ಬೇಯಿಸಿ ತೆಗೆದ ಅಂಟು ಅದು. ಅದರೊಳಗೆ ಬೆಳ್ಳಿಯ ಲವಣಗಳ ಕಣ್ಣಿಗೆ ಕಾಣದ ಹರಳುಗಳು ಹರಡಿಕೊಂಡಿರುತ್ತವೆ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಈ ಜೆಲಟಿನ್ ವಿಧಾನ ತೋರಿಸಿಕೊಟ್ಟ. ಅಲ್ಲಿಂದ ಇಲ್ಲಿಯವರೆಗೆ ಜೆಲಟಿನ್ನಿಗೆ ಸರಿಸಾಟಿಯಾದ ಬದಲಿ ಸಿಕ್ಕಿಲ್ಲ. 1880ರ ದಶಕದಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ತಯಾರಿಸಿದ ಫೋಟೋ ಫಲಕಗಳು ಇದ್ದಕ್ಕಿದ್ದಂತೆ ಮಂಕಾಗಿ ವ್ಯಾಪಾರವೇ ಮುಳುಗುವ ಹಾಗಾಯಿತು. ದೋಷವಿದ್ದದ್ದು ಜೆಲಟಿನ್ನಿನಲ್ಲಿ. ಮುಂದೆ 1920ರ ದಶಕದಲ್ಲಿ ಸ್ಯಾಮ್ಯುಯೆಲ್ ಶೆಪರ್ಡ್ ಎಂಬ ರಸಾಯನ ವಿಜ್ಞಾನಿ ಇದರ ಗುಟ್ಟು ಬಿಡಿಸಿದ. ದನಗಳು ಮೇಯುವ ಸಾಸಿವೆ ಜಾತಿಯ ಗಿಡಗಳಲ್ಲಿರುವ ಗಂಧಕದ ಅಂಶ ಅತ್ಯಲ್ಪ ಪ್ರಮಾಣದಲ್ಲಿ ಜೆಲಟಿನ್ನಿಗೆ ಬಂದು, ಬೆಳ್ಳಿಯ ಹರಳಿಗೆ ಬೆಳಕನ್ನು ಹಿಡಿಯುವ ಚುರುಕು ಕೊಡುತ್ತಿತ್ತು! ಹಸು ಮೇಯ್ದ ಸಾಸಿವೆಗೂ ಟೆಂಟ್ ಸಿನಿಮಾಕ್ಕೂ ಹೀಗೊಂದು ಸಂಬಂಧ.

ಬೆಳಕು ಬಿದ್ದಾಗ ಹರಳಿನಲ್ಲಿ ಆಗುವ ಬದಲಾವಣೆ ಬಹಳ ಚಿಕ್ಕದು. ಕೋಟಿಗಟ್ಟಲೆ ಪರಮಾಣುಗಳಿರುವ ಹರಳಿನಲ್ಲಿ ನಾಲ್ಕಾರು ಬೆಳ್ಳಿ ಪರಮಾಣುಗಳು ಒಟ್ಟುಗೂಡಿದರೆ ಸಾಕು, ತೊಳೆಯುವಾಗ ಇಡೀ ಹರಳು ಕಪ್ಪಾಗುತ್ತದೆ. ತೊಂದರೆ ಇರುವುದೂ ಇಲ್ಲಿಯೇ. ಇಷ್ಟು ಸಣ್ಣ ಕೆಲಸವನ್ನು ಬೆಳಕೇ ಮಾಡಬೇಕೆಂದಿಲ್ಲ, ಶಾಖವೂ ಮಾಡಬಲ್ಲುದು. ಬಿಸಿಲಲ್ಲಿ ನಿಂತ ಕಾರಿನೊಳಗೆ, ತಗಡಿನ ಮಾಡಿನ ಅಂಗಡಿಯ ಕಪಾಟಿನಲ್ಲಿ ಇಟ್ಟ ಹೊಸ ಫಿಲ್ಮಿನ ಹರಳುಗಳು ಬೆಳಕು ಕಾಣದೆಯೇ ಒಂದೊಂದಾಗಿ ಮಾಗತೊಡಗುತ್ತವೆ. ತೊಳೆದಾಗ ಚಿತ್ರದ ಮೇಲೆಲ್ಲ ಮಂಜು ಕವಿದಂತೆ ಕಾಣುತ್ತದೆ. ಬಣ್ಣದ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಒಂದೊಂದು ಪದರ. ಮೂರೂ ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲ. ಹಾಗಾಗಿ ಬಿಳಿ ಪಂಚೆ ಹಸಿರಾಗುತ್ತದೆ, ಇಲ್ಲವೆ ಕೆನ್ನೀಲಿಯಾಗುತ್ತದೆ. ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಗಂಡಿನ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಅದು ಫೋಟೋಗ್ರಾಫರನ ತಪ್ಪೇ ಆಗಿರಬೇಕಿಲ್ಲ.

ಭಾರತ ಸರ್ಕಾರ ಫಿಲ್ಮ್ ತಯಾರಿಸಲು 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿ ಸ್ಥಾಪಿಸಿದಾಗ ಊಟಿಯನ್ನು ಆರಿಸಿಕೊಂಡದ್ದರಲ್ಲಿ ಅರ್ಥವಿತ್ತು. ಅಲ್ಲಿನ ತಂಪು, ಧೂಳಿಲ್ಲದ ಗಾಳಿ ಫಿಲ್ಮಿಗೆ ಹೇಳಿಸಿದಂತಿತ್ತು. ಅಲ್ಲಿಂದ ‘ಇಂದು’ ಹೆಸರಿನ ಕಪ್ಪು ಬಿಳುಪು ಫಿಲ್ಮ್ ಮೈಸೂರು, ಮಂಡ್ಯಗಳ ಸ್ಟುಡಿಯೋಗಳಿಗೆ ಇಳಿದು ಬರುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ಕಾರ್ಖಾನೆ ಮುಚ್ಚಿತು. ಆದರೆ ಅದರ ಫಿಲ್ಮಿನಲ್ಲಿ ಮೂಡಿದ ಮುಖಗಳು ಇನ್ನೂ ಸಾವಿರಾರು ಟ್ರಂಕುಗಳಲ್ಲಿವೆ.

ರಂಗನತಿಟ್ಟಿನ ದೋಣಿಯಲ್ಲಿ

ಪಾಲಹಳ್ಳಿಯ ಪಕ್ಕದಲ್ಲೇ ರಂಗನತಿಟ್ಟು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಇಲ್ಲಿನ ನಡುಗಡ್ಡೆಗಳು ಉಂಟಾದವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಇದಕ್ಕೆ ರಾಮ್ಸರ್ ತಾಣದ ಮನ್ನಣೆಯೂ ಸಿಕ್ಕಿತು. ಕನ್ನಡನಾಡಿನಲ್ಲಿ ಹಕ್ಕಿಗಳ ಫೋಟೋ ತೆಗೆಯುವವರಿಗೆ ಇದು ಒಂದು ಪಾಠಶಾಲೆಯೇ ಸರಿ. ಫಿಲ್ಮ್ ಕಾಲದ ಛಾಯಾಗ್ರಾಹಕರಿಗೆ ಹಕ್ಕಿಯ ಚಲನವಲನದಷ್ಟೇ ಫಿಲ್ಮಿನ ಆರೋಗ್ಯದ ಚಿಂತೆಯೂ ಇರುತ್ತಿತ್ತು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಮಳೆಯಲ್ಲಿ ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಫಿಲ್ಮಿನಲ್ಲಿ ಕೆಲಸ ಮಾಡಿದವರೇ. ಒಂದು ರೋಲಿನಲ್ಲಿ 36 ಚಿತ್ರ. ತೊಳೆದು ಬರುವವರೆಗೆ ಏನು ಸಿಕ್ಕಿದೆಯೆಂದು ತಿಳಿಯದು.

ಇಂಥವರಿಗೆ ಫಿಲ್ಮ್ ಕಂಪನಿಗಳು ಹೇಳುತ್ತಿದ್ದದ್ದು ಒಂದೇ ಮಾತು: ತಣ್ಣಗಿಡಿ, ತೆಗೆದ ಮೇಲೆ ಬೇಗ ತೊಳೆಸಿ. ಬಳಸದ ಫಿಲ್ಮನ್ನು 13 ಡಿಗ್ರಿಗಿಂತ ಕೆಳಗೆ, ವರ್ಷಗಟ್ಟಲೆ ಇಡುವುದಾದರೆ ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಡುವುದು ರೂಢಿ. ಹೀಗಾಗಿ ಅನೇಕ ಛಾಯಾಗ್ರಾಹಕರ ಮನೆಯ ಫ್ರಿಜ್ಜಿನಲ್ಲಿ ಹಾಲು, ತರಕಾರಿಗಳ ಜೊತೆ ಫಿಲ್ಮ್ ಡಬ್ಬಿಗಳೂ ಸಾಲಾಗಿ ಕುಳಿತಿರುತ್ತಿದ್ದವು.

ಆದರೆ ಫ್ರಿಜ್ಜಿನಲ್ಲಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತಣ್ಣಗಿನ ಸೋಡಾ ಬಾಟಲಿಯನ್ನು ಹೊರಗಿಟ್ಟರೆ ಅದರ ಮೈಮೇಲೆ ಹನಿ ಮೂಡುವುದನ್ನು ಎಲ್ಲರೂ ಕಂಡಿದ್ದಾರೆ. ಲೆಕ್ಕ ಹಾಕಿ ನೋಡಬಹುದು. 30 ಡಿಗ್ರಿ ಶಾಖ, ಶೇಕಡಾ 80 ತೇವ ಇರುವ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. 5 ಡಿಗ್ರಿಗೆ ತಣಿದ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು ಹೆಚ್ಚೆಂದರೆ 7 ಗ್ರಾಂ. ಉಳಿದ 17 ಗ್ರಾಂ ಎಲ್ಲಿಗೆ ಹೋಗಬೇಕು? ತಣ್ಣಗಿರುವ ವಸ್ತುವಿನ ಮೇಲೆ ಹನಿಯಾಗಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಫಿಲ್ಮನ್ನು ದೋಣಿಯಲ್ಲೇ ಆತುರದಿಂದ ಬಿಚ್ಚಿದರೆ ಆ ಹನಿ ನೇರವಾಗಿ ಜೆಲಟಿನ್ನಿನ ಮೇಲೆ. ಸುರುಳಿ ಸುರುಳಿಗೆ ಅಂಟಿ, ಎಳೆದಾಗ ಕಲೆ ಬೀಳುತ್ತದೆ. ಮುಚ್ಚಿದ ಡಬ್ಬಿಯಲ್ಲೇ ಒಂದೂವರೆ ಎರಡು ಗಂಟೆ ಹೊರಗಿಟ್ಟು, ಅದು ಹೊರಗಿನ ಶಾಖಕ್ಕೆ ಬಂದ ಮೇಲೆ ತೆರೆದರೆ ಹನಿ ಬೀಳುವುದು ಡಬ್ಬಿಯ ಹೊರಮೈಗೆ. ಬೆಳಿಗ್ಗೆ ಆರಕ್ಕೆ ಕೊಕ್ಕರೆಯ ಫೋಟೋ ತೆಗೆಯಬೇಕಾದರೆ ಫಿಲ್ಮು ನಾಲ್ಕು ಗಂಟೆಗೇ ಏಳಬೇಕು!

ಇನ್ನೊಂದು ಮಾತು. ಫ್ರಿಜ್ಜಿನ ಒಳಗಿನ ಗಾಳಿ ತಣ್ಣಗಿದ್ದರೂ ಸಾಮಾನ್ಯವಾಗಿ ತೇವವಾಗಿಯೇ ಇರುತ್ತದೆ. ಹಾಗಾಗಿ ಕಂಪನಿಯ ಮೊಹರು ಒಡೆದ ಫಿಲ್ಮನ್ನಾಗಲಿ, ತೊಳೆದ ನೆಗೆಟಿವನ್ನಾಗಲಿ ಗಾಳಿಯಾಡದಂತೆ ಮುಚ್ಚದೆ ಫ್ರಿಜ್ಜಿನಲ್ಲಿಡುವುದು ಬೆಲ್ಲವನ್ನು ಬಚ್ಚಲಮನೆಯಲ್ಲಿಟ್ಟಂತೆ.

ಬೂಸ್ಟಿಗೆ ಹಬ್ಬದೂಟ

ತೊಳೆದು ಒಣಗಿಸಿದ ನೆಗೆಟಿವಿಗೆ ಬೆಳಕಿನ ಭಯವಿಲ್ಲ. ಆದರೆ ಅದರ ಮೈಮೇಲಿರುವುದು ಜೆಲಟಿನ್, ಅಂದರೆ ಪ್ರೋಟೀನು. ಗಾಳಿಯ ತೇವ ಶೇಕಡಾ 60 ದಾಟಿ ಹಾಗೆಯೇ ನಿಂತರೆ ಬೂಸ್ಟಿಗೆ ಅದು ಹಬ್ಬದೂಟ. ಮೊದಲು ಜೇಡನ ಬಲೆಯಂಥ ಬಿಳಿ ಎಳೆಗಳು, ಆಮೇಲೆ ಎಳೆ ಓಡಿದ ದಾರಿಯಲ್ಲೆಲ್ಲ ಚಿತ್ರವೇ ಇಲ್ಲದ ಗೀರುಗಳು. ಬೂಸ್ಟು ಜೆಲಟಿನ್ನನ್ನು ಜೀರ್ಣಿಸಿಕೊಳ್ಳಲು ಬಿಡುವ ರಸ ಆ ಅಂಟನ್ನು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಆದ್ದರಿಂದಲೇ ಬೂಸ್ಟು ಕಂಡೊಡನೆ ಒದ್ದೆ ಬಟ್ಟೆಯಿಂದ ಒರೆಸಬಾರದು. ಒರೆಸಿದರೆ ಬೂಸ್ಟಿನ ಜೊತೆ ಅಜ್ಜಿಯ ಮುಖವೂ ಬಟ್ಟೆಗೆ ಬರುತ್ತದೆ. ಒಣಗಿದ ಜಾಗದಲ್ಲಿಟ್ಟು, ಮೆತ್ತನೆಯ ಒಣ ಕುಂಚದಿಂದ ಮೆಲ್ಲಗೆ ಉದುರಿಸುವುದಷ್ಟೇ ಮನೆಯಲ್ಲಿ ಮಾಡಬಹುದಾದ ಕೆಲಸ.

ತೇವ ಹೀರಲು ಸಿಲಿಕಾ ಜೆಲ್ ಒಳ್ಳೆಯ ಆಳು. ಹೊಸ ಚಪ್ಪಲಿ, ಔಷಧಿ ಡಬ್ಬಿಗಳ ಜೊತೆ ಬರುವ ಚಿಕ್ಕ ಚೀಲದ ಹರಳುಗಳೇ ಇವು. ತನ್ನ ತೂಕದ ಕಾಲುಭಾಗದಷ್ಟು ನೀರನ್ನು ಅದು ಸುಲಭವಾಗಿ ಹೀರುತ್ತದೆ. ನೀಲಿ ಬಗೆಯದು ತೇವ ಕುಡಿದು ತೃಪ್ತಿಯಾದಾಗ ಗುಲಾಬಿಯಾಗುತ್ತದೆ. 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗಿ ದುಡಿಯಲು ಸಿದ್ಧ. ನೀಲಿ ಬಣ್ಣ ಕೋಬಾಲ್ಟ್ ಲವಣದ್ದು, ವಿಷ. ಆದುದರಿಂದ ಅಡುಗೆಯ ಬಾಣಲೆ ಬಳಸಕೂಡದು. ಸಿಲಿಕಾ ಜೆಲ್ ಸಿಗದ ಕಾಲದಲ್ಲಿ ಉಷ್ಣದೇಶಗಳ ಛಾಯಾಗ್ರಾಹಕರು ಚೆನ್ನಾಗಿ ಒಣಗಿಸಿದ ಅಕ್ಕಿಯನ್ನೇ ಡಬ್ಬಿಯಲ್ಲಿ ಹಾಕುತ್ತಿದ್ದರು. ಉಪ್ಪಿನ ಭರಣಿಯ ಉಪಾಯವೇ ಅದು. ಹಾಗೆಂದು ಅತಿಯಾಗಿ ಒಣಗಿಸುವುದೂ ತಪ್ಪು. ತೇವ ಶೇಕಡಾ 20ಕ್ಕಿಂತ ಕಡಿಮೆಯಾದರೆ ಜೆಲಟಿನ್ ಬಿರುಸಾಗಿ ನೆಗೆಟಿವ್ ಹಪ್ಪಳದಂತೆ ಮುದುರುತ್ತದೆ. 30ರಿಂದ 50ರ ನಡುವೆ ಇದ್ದರೆ ಕ್ಷೇಮ.

ಮೊದಲ ದೂರು ಭಾರತದಿಂದ

ಇಷ್ಟೆಲ್ಲ ಜೋಪಾನ ಮಾಡಿದ ಮೇಲೂ ಒಂದು ರೋಗ ಉಳಿದಿದೆ. ಅದು ಜೆಲಟಿನ್ನಿಗಲ್ಲ, ಅದರ ಕೆಳಗಿನ ಪ್ಲಾಸ್ಟಿಕ್ಕಿಗೇ ತಗಲುವಂಥದು. ಮೊದಲ ಸಿನಿಮಾಗಳ ಪಟ್ಟಿ ಸೆಲ್ಯುಲೋಸ್ ನೈಟ್ರೇಟಿನದು. ಅದು ಸಿಡಿಮದ್ದಿನ ಹತ್ತಿರದ ನೆಂಟ. ತೀರಾ ಹಳಸಿದ್ದು ಸುಮಾರು 40 ಡಿಗ್ರಿಯಲ್ಲೇ ತಾನಾಗಿ ಹೊತ್ತಿಕೊಳ್ಳಬಹುದು. ಅದರ ಬದಲು ಸುರಕ್ಷಿತವೆಂದು 1948ರಲ್ಲಿ ಬಂದದ್ದು ಸೆಲ್ಯುಲೋಸ್ ಟ್ರೈಅಸಿಟೇಟ್. ಬೆಂಕಿಯ ಭಯ ತಪ್ಪಿತೆಂದು ಎಲ್ಲರೂ ನೆಮ್ಮದಿಯಾಗಿದ್ದರು. ಆದರೆ ಹತ್ತು ವರ್ಷ ತುಂಬುವುದರೊಳಗೆ ಈಸ್ಟ್‌ಮನ್ ಕೊಡಕ್ ಕಂಪನಿಗೆ ದೂರು ಬಂತು. ಆ ಮೊದಲ ದೂರು ಕೊಟ್ಟದ್ದು ಭಾರತ ಸರ್ಕಾರ. ಬಿಸಿ, ತೇವ ಕೂಡಿದ ಗೋದಾಮಿನಲ್ಲಿಟ್ಟ ಫಿಲ್ಮುಗಳು ಕೆಡತೊಡಗಿದ್ದವು. ಆಮೇಲೆ ಇಂಥದೇ ಹವೆಯಿರುವ ಬೇರೆ ಕಡೆಗಳಿಂದಲೂ ದೂರು ಬಂದವು. ತಂಪು ದೇಶದಲ್ಲಿ ತಯಾರಾದ ವಸ್ತುವಿನ ನಿಜವಾದ ಪರೀಕ್ಷೆ ಇಲ್ಲಿನ ಮಳೆಗಾಲದಲ್ಲಿ ನಡೆಯಿತು.

ರೋಗದ ಗುರುತು ವಾಸನೆ. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅಸಿಟೇಟ್ ಪ್ಲಾಸ್ಟಿಕ್ ತೇವದೊಡನೆ ವರ್ತಿಸಿ ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಅದೇ ವರ್ತನೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಒಂದು ತೊಟ್ಟು ಹೆಪ್ಪು ಇಡೀ ಹಾಲನ್ನು ಮೊಸರು ಮಾಡುವಂತೆ, ಒಮ್ಮೆ ಶುರುವಾದರೆ ನಿಲ್ಲಿಸುವಂತಿಲ್ಲ, ನಿಧಾನ ಮಾಡಬಹುದು ಅಷ್ಟೆ. ಪಟ್ಟಿ ಕುಗ್ಗುತ್ತದೆ, ಸುಕ್ಕಾಗುತ್ತದೆ, ಮೇಲಿನ ಜೆಲಟಿನ್ ಕಿತ್ತುಕೊಂಡು ಬರುತ್ತದೆ. ಆಮ್ಲದ ಆವಿ ಪಕ್ಕದ ಒಳ್ಳೆಯ ನೆಗೆಟಿವಿಗೂ ಅಂಟುತ್ತದೆ. ಅಮೆರಿಕದ ರೋಚೆಸ್ಟರಿನಲ್ಲಿರುವ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಮಾಡಿದ ಲೆಕ್ಕದಂತೆ, 21 ಡಿಗ್ರಿ ಶಾಖ ಮತ್ತು ಶೇಕಡಾ 50 ತೇವದಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ಈ ರೋಗ ಕಾಣಿಸಿಕೊಳ್ಳಲು ಸುಮಾರು 40 ವರ್ಷ ಬೇಕು. ಐದಾರು ಡಿಗ್ರಿ ತಂಪು ಮಾಡಿದರೆ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿ. ಐದಾರು ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ ಅರ್ಧ. ಪಾಲಹಳ್ಳಿಯ ಟ್ರಂಕಿನೊಳಗೆ 21 ಡಿಗ್ರಿ ವರ್ಷದಲ್ಲಿ ಎಷ್ಟು ದಿನ ಇರುತ್ತದೆ ಎಂಬುದನ್ನು ನೆನೆದರೆ ಅವಸರ ಏಕೆಂದು ತಿಳಿಯುತ್ತದೆ. 1970, 80ರ ದಶಕಗಳ ನೆಗೆಟಿವ್‌ಗಳ ಗಡುವು ಮುಗಿಯುತ್ತಾ ಬಂದಿದೆ, ಹಲವಕ್ಕೆ ಮುಗಿದೂ ಹೋಗಿದೆ.

ಅಲಕ್ಷ್ಯದ ಬೆಲೆ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಇಂದು ಅದರ ಪ್ರತಿ ಎಲ್ಲಿಯೂ ಇಲ್ಲ. ಕನ್ನಡ ಸಿನಿಮಾ ಆಡಿದ ಮೊದಲ ಮಾತನ್ನು ಕೇಳುವ ಭಾಗ್ಯ ಮುಂದಿನವರಿಗೆ ಇಲ್ಲವಾಯಿತು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗುವ ಹೊತ್ತಿಗೆ ಇಂಥ ಎಷ್ಟೋ ಚಿತ್ರಗಳು ಕೈತಪ್ಪಿದ್ದವು. ಅಲ್ಲಿ ಉಳಿಸಿದ್ದ ನೈಟ್ರೇಟ್ ರೀಲುಗಳಲ್ಲಿಯೂ ಬಹಳಷ್ಟು 2003ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾದವು.

ಜೋಪಾನದ ಫಲಕ್ಕೂ ಕನ್ನಡದಲ್ಲೇ ಉದಾಹರಣೆಯಿದೆ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ 1977ರ ಚಿತ್ರ. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದಲೇ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರರು ಚಿತ್ರವನ್ನು ಹೊಸದರಂತೆ ಸಜ್ಜುಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನೆಗೆಟಿವ್ ಇದ್ದರೆ 47 ವರ್ಷದ ನಂತರವೂ ಚಿತ್ರ ಎದ್ದು ಬರುತ್ತದೆ. ಇಲ್ಲದಿದ್ದರೆ ಯಾವ ಕಂಪ್ಯೂಟರೂ ಅದನ್ನು ತಂದುಕೊಡಲಾರದು.

ಮೂಗೇ ಮೊದಲ ಉಪಕರಣ

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮೊದಲು ಮೂಗಿಗೆ ಕೆಲಸ ಕೊಡಬೇಕು. ಒಂದೊಂದೇ ಲಕೋಟೆ ತೆರೆದು ಮೂಸಿ ನೋಡಿ, ಹುಳಿ ವಾಸನೆ ಬರುವವನ್ನು ಬೇರೆ ಇಡಬೇಕು. ಸಂಗ್ರಹಾಲಯಗಳಲ್ಲಿ ಇದಕ್ಕೆಂದೇ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವ ಕಾಗದದ ಪಟ್ಟಿಗಳಿವೆ. ಶಾಲೆಯ ಲಿಟ್ಮಸ್ ಕಾಗದದ ತತ್ವವೇ. ವಾಸನೆ ಬಂದವನ್ನು ಗಾಳಿಯಾಡದಂತೆ ಮುಚ್ಚಿದರೆ ಆಮ್ಲ ಒಳಗೇ ನಿಂತು ರೋಗ ಉಲ್ಬಣಿಸುತ್ತದೆ. ಅವು ಗಾಳಿಯಾಡುವ ತಂಪು ಜಾಗದಲ್ಲಿದ್ದು, ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಆಗಬೇಕು.

ಆರೋಗ್ಯವಾಗಿರುವವಕ್ಕೆ ಹಳೆಯ ಲಕೋಟೆ ಬೇಡ. ಪಿವಿಸಿ ಚೀಲವೂ ಬೇಡ, ಅದು ಅಂಟಿಕೊಳ್ಳುತ್ತದೆ. ಆಮ್ಲವಿಲ್ಲದ ಕಾಗದ ಅಥವಾ ಪಾಲಿಪ್ರೊಪಿಲೀನ್ ತೊಟ್ಟಿಲು ಒಳ್ಳೆಯದು. ನುಸಿಗುಳಿಗೆ, ಕರ್ಪೂರ, ಹೊಸದಾಗಿ ಬಣ್ಣ ಬಳಿದ ಬೀರು, ಪ್ಲೈವುಡ್ಡಿನ ಕಪಾಟು, ಇವುಗಳ ಆವಿ ಫಿಲ್ಮಿಗೆ ಆಗದು. ನೆಲದ ಮೇಲೆ, ಹೊರಗೋಡೆಗೆ ಒತ್ತಿ, ಬಚ್ಚಲಮನೆಯ ಪಕ್ಕ ಇಡಬಾರದು. ಅಟ್ಟವಂತೂ ಕೂಡದು. ಬೆಲ್ಲ ಕಾಯುವ ಒಲೆ ಮೇಲಿನ ಅಟ್ಟದ ಶಾಖವೇ ನೆಗೆಟಿವಿನ ಆಯುಸ್ಸನ್ನು ಕುಡಿಯುತ್ತದೆ. ಅಜ್ಜಿಯ ಉಪಾಯ ಅರ್ಧ ಮಾತ್ರ ಇಲ್ಲಿ ನಡೆಯುತ್ತದೆ. ನಡುಮನೆಯ, ಬಿಸಿಲು ಬೀಳದ ಗೋಡೆಯ ಕಪಾಟು ಉಳ್ಳವರಿಗೂ ಇಲ್ಲದವರಿಗೂ ಒಂದೇ ಬೆಲೆಯಲ್ಲಿ ಸಿಗುವ ತಂಪು ಜಾಗ.

ಈ ಕೆಲಸಕ್ಕೆ ಮುಹೂರ್ತವೂ ಇದೆ. ಮಳೆಗಾಲದಲ್ಲಿ ಡಬ್ಬಿ ಮುಚ್ಚಿದರೆ ಮಳೆಗಾಲದ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಮಧ್ಯಾಹ್ನದ ಗಾಳಿ ಒಣಗಿರುತ್ತದೆ. ಆಗ ನೆಗೆಟಿವ್‌ಗಳನ್ನು ನೆರಳಿನಲ್ಲಿ ಒಂದೆರಡು ದಿನ ಆರಲು ಬಿಟ್ಟು, ಸಿಲಿಕಾ ಜೆಲ್ ಜೊತೆ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿದರೆ ಆ ಒಣಹವೆಯನ್ನೇ ಮುಂದಿನ ಆಷಾಢಕ್ಕೆ ದಾಟಿಸಿದಂತಾಗುತ್ತದೆ. ಫ್ರಿಜ್ಜಿನಲ್ಲಿ ಜಾಗವಿದ್ದರೆ, ಒಂದರ ಮೇಲೊಂದು ಎರಡು ಚೀಲ ಹಾಕಿ ಬಿಗಿದು ಅಲ್ಲಿಡಬಹುದು.

ಸ್ಕ್ಯಾನ್ ಮಾಡಿಸಿದ ಮೇಲೆ ನೆಗೆಟಿವ್ ಏಕೆ ಎಂದು ಕೇಳುವವರಿದ್ದಾರೆ. ಹಾರ್ಡ್ ಡಿಸ್ಕು ಒಂದು ದಿನ ಕೆಟ್ಟು ಕೂತರೆ ಹುಳಿ ವಾಸನೆಯ ಮುನ್ಸೂಚನೆಯೂ ಇರುವುದಿಲ್ಲ. ಎರಡೂ ಇರಲಿ. ಅದಕ್ಕಿಂತ ಮುಖ್ಯವಾದದ್ದು ಹೆಸರು ಬರೆದಿಡುವುದು. ಯಾರು, ಯಾವ ಊರು, ಯಾವ ವರ್ಷ ಎಂಬುದು ಹಿರಿಯರ ತಲೆಯಲ್ಲಿ ಮಾತ್ರ ಇದೆ. ಆ ನೆನಪಿಗೆ ಸಿಲಿಕಾ ಜೆಲ್ ಇಲ್ಲ.

ರಂಗನತಿಟ್ಟಿಗೂ ಇದೇ ಮಾತು. ಅಲ್ಲಿ ಅರ್ಧ ಶತಮಾನದ ಕಾಲ ತೆಗೆದ ಸ್ಲೈಡುಗಳು ಅಂದದ ಚಿತ್ರಗಳಷ್ಟೇ ಅಲ್ಲ. ಯಾವ ವರ್ಷ ಯಾವ ತಿಟ್ಟಿನಲ್ಲಿ ಬಾಯ್ಕಳಕ ಕೊಕ್ಕರೆ ಗೂಡು ಕಟ್ಟಿತ್ತು, ಯಾವ ಮರ ಆಗ ನಿಂತಿತ್ತು, ಹೆಜ್ಜಾರ್ಲೆ ಎಲ್ಲಿ ಕೂರುತ್ತಿತ್ತು, ನೀರು ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಅವು ಸಾಕ್ಷಿ. ಚೌಕಟ್ಟಿನ ಮೇಲೆ ತಾರೀಕು ಬರೆದಿದ್ದರೆ ಒಂದು ಸ್ಲೈಡು ನೂರು ಪುಟದ ವರದಿಗೆ ಸಮ. ಅವುಗಳಲ್ಲಿ ಎಷ್ಟೋ ಇಂದು ಛಾಯಾಗ್ರಾಹಕರ ಮಕ್ಕಳ ಮನೆಯ ಅಟ್ಟದ ಮೇಲಿವೆ.

ಪಾಲಹಳ್ಳಿಯಲ್ಲಿ ಮುಂದಿನ ಸಂಕ್ರಾಂತಿಗೆ ಎಳ್ಳು ಬೀರಲು ಹೇಗೂ ಹೊಸ ಬೆಲ್ಲದ ಅಚ್ಚು ಒಡೆಯುತ್ತಾರೆ. ಹಳೆಯ ಬೆಲ್ಲ ನೀರಾಗಿ ಹೋಗಿದ್ದರೆ ಚಿಂತೆಯಿಲ್ಲ, ಆಲೆಮನೆಯಿಂದ ಬೇರೆ ತರಬಹುದು. ಅಂದೇ ಮಂಚದ ಕೆಳಗಿನ ಟ್ರಂಕನ್ನೂ ಹೊರಗೆ ಎಳೆದರೆ ಒಳ್ಳೆಯದು. ಅದರಲ್ಲಿರುವುದನ್ನು ಯಾವ ಆಲೆಮನೆಯೂ ಮತ್ತೆ ಮಾಡಿಕೊಡದು.